ಎರಡು ಡಬ್ಬಿ ಹಲಸು

"ಅಕ್ಕಾ, ಡಯಾಲಿಸಿಸ್ ವಾರ್ಡಿಗೆ ಹಲಸು ಹೋಗಿಲ್ಲ ತಾನೇ?"

ಪಥ್ಯದ ಮೇಡಂ ಆಸ್ಪತ್ರೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ ಗಡಿಯಾರದಲ್ಲಿ ಹನ್ನೆರಡೂವರೆ. ಯಾವ ರೋಗಿಗೆ ಏನು ಊಟ, ಎಷ್ಟು ಊಟ ಎಂದು ಬರೆದುಕೊಡುವವರು ಅವರು. ಯಾವತ್ತೂ ಒಳಗೆ ಬಂದು ಒಂದು ಸ್ಟೂಲು ಎಳೆದು ಕೂತು ಮಾತಾಡುವವರು, ಇವತ್ತು ಹೊಸ್ತಿಲಲ್ಲೇ ನಿಂತಿದ್ದರು. ಓಡಿ ಬಂದವರ ಹಾಗೆ ಏದುಸಿರು ಬಿಡುತ್ತಿದ್ದರು.

"ಇಲ್ಲ ಮೇಡಂ. ಅವರಿಗೆ ಅನ್ನ, ಮೊಟ್ಟೆ, ನೀರು ಬಸಿದ ತರಕಾರಿ. ಎಂದಿನ ಹಾಗೇ," ಎಂದಳು ಅಕ್ಕ.

"ಸದ್ಯ ಬದುಕಿದೆ," ಎಂದು ಮೇಡಂ ಬಾಗಿಲಿಗೆ ಒರಗಿದರು. "ಅವರಿಗೆ ಕೊಡಬಾರದ್ದು ಅಂತ ಗೋಡೆ ಮೇಲೆ ಅಂಟಿಸಿರೋ ಪಟ್ಟಿಯಲ್ಲಿ ಹಲಸಿನ ಹೆಸರೇ ಇಲ್ಲ ನೋಡಿ. ಬಾಳೆಹಣ್ಣು, ಎಳನೀರು, ಆಲೂಗೆಡ್ಡೆ ಎಲ್ಲಾ ಇದೆ. ಇಲ್ಲಿ ಯಾರೂ ಹಲಸು ಬೇಯಿಸ್ತಿರಲಿಲ್ಲ, ನಾನೂ ಬರೆದಿರಲಿಲ್ಲ. ಈಗ ಊಟದ ತಟ್ಟೆ ಜೊತೆ ಕೊಡೋ ಚೀಟಿ ಬರೀತಾ ಕೂತಾಗ ಎದೆ ಧಸಕ್ ಅಂತು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ನಮಗೆ ನಿಮಗೆ ಅದು ಒಳ್ಳೇದೇ, ಬಿ.ಪಿ.ಗೂ ಒಳ್ಳೇದು. ಕಿಡ್ನಿ ಕೆಲಸ ಮಾಡದೇ ಇದ್ದವರಿಗೆ ಮಾತ್ರ ಅದು ಹೊರಗೆ ಹೋಗೋಕೆ ದಾರಿನೇ ಇಲ್ಲ, ರಕ್ತದಲ್ಲೇ ಉಳಿಯುತ್ತೆ. ಮಿತಿ ಮೀರಿದ್ರೆ ಹೃದಯ ನಿಂತೇ ಹೋಗಬಹುದು."

ಅಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಾಗಿ ಠಣ್ ಎಂದಿತು.

"ಏನಾಯ್ತು ಅಕ್ಕ?"

"ಏನಿಲ್ಲ ಮೇಡಂ. ಕೈ ಜಾರ್ತು."

ಮೇಡಂ ಪೆನ್ನು ತೆಗೆದು ಗೋಡೆಯ ಪಟ್ಟಿಯ ಕೊನೆಗೆ 'ಹಲಸು' ಎಂದು ದಪ್ಪಕ್ಷರದಲ್ಲಿ ಬರೆದು, ಅಡಿಗೆರೆ ಎಳೆದು ಹೋದರು. ಅಕ್ಕ ಆ ಅಕ್ಷರಗಳನ್ನು ನೋಡುತ್ತ ನಿಂತಳು. ಡಯಾಲಿಸಿಸ್ ವಾರ್ಡಿಗೆ ಹಲಸು ಹೋಗಿರಲಿಲ್ಲ, ಅದು ನಿಜವೇ. ಆದರೆ ಬೆಳಿಗ್ಗೆ ಒಂಬತ್ತು ಗಂಟೆಗೆ ಎರಡು ಡಬ್ಬಿಗೆ ಅವಳೇ ಕೈಯಾರೆ ಒತ್ತಿ ತುಂಬಿ ಒಬ್ಬನಿಗೆ ಕೊಟ್ಟು ಕಳಿಸಿದ್ದಳು. ಅವನು ಅವಳ ಒಡಹುಟ್ಟಿದ ತಮ್ಮ. ಎರಡು ವರ್ಷದಿಂದ ಇದೇ ಆಸ್ಪತ್ರೆಯ ಡಯಾಲಿಸಿಸ್ ಮೆಷಿನ್ನಿನ ಮೇಲೆ ಅವನ ಜೀವ ನಿಂತಿತ್ತು.

ಅಕ್ಕ ಈ ಅಡುಗೆಮನೆಗೆ ಬಂದು ಇಪ್ಪತ್ತೆರಡು ವರ್ಷ. ಈರುಳ್ಳಿ ಸುಲಿಯುವವಳಾಗಿ ಸೇರಿ, ಈಗ ನಾನೂರು ಜನರ ಊಟದ ಹೊಣೆ ಹೊತ್ತ ಮುಖ್ಯ ಅಡುಗೆಯವಳು. ಸೂಪರಿಂಟೆಂಡೆಂಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ಅಕ್ಕ. ಹಲಸಿನ ಆಲೋಚನೆ ತಂದವರು ಪಥ್ಯದ ಮೇಡಮ್ಮೇ. ಹೃದಯದ ವಾರ್ಡಿನವರೂ ಸಕ್ಕರೆ ಕಾಯಿಲೆಯವರೂ ಮಾಂಸ ಬೇಕೆಂದು ಗೋಳುಹುಯ್ಯುತ್ತಿದ್ದರು. ಎಳೆ ಹಲಸಿನಕಾಯಿಯನ್ನು ಬೇಯಿಸಿದರೆ ಮಾಂಸದ ಹಾಗೇ ಎಳೆ ಎಳೆಯಾಗಿ ಬಿಡುತ್ತದೆ, ಕೊಬ್ಬು ಇಲ್ಲವೇ ಇಲ್ಲ ಎನ್ನಬಹುದು, ನಾರು ಬೇಕಾದಷ್ಟಿದೆ, ತಿಂದ ಕೂಡಲೇ ಸಕ್ಕರೆ ಮೇಲಕ್ಕೆ ಹಾರುವುದಿಲ್ಲ ಎಂದು ಮೇಡಂ ವಿವರಿಸಿದ್ದರು. ಸೋಮವಾರ ಬೇರೆ ವಾರ್ಡುಗಳಿಗೆ ಹೋಗುವ ಮಾಂಸದೂಟಕ್ಕೆ ಬದಲು ಇವರಿಗೆ ಇದನ್ನು ಮಾಡಿ ನೋಡೋಣ ಎಂದು ತೀರ್ಮಾನವಾಗಿತ್ತು.

ಮೂರು ವಾರ ಅಕ್ಕ ಅದರ ಬೆನ್ನು ಬಿದ್ದಿದ್ದಳು. ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಕಾಯಿ ಸೀಳಿದರೂ ಮೇಣ ಮೊಣಕೈಯವರೆಗೆ ಹತ್ತುತ್ತಿತ್ತು. ಮೊದಲ ಸಲ ಬೆಂದು ಮುದ್ದೆಯಾಯಿತು. ಎರಡನೇ ಸಲ ಹಲ್ಲಿಗೆ ಸಿಕ್ಕಿಕೊಂಡಿತು. ಮೂರನೇ ಸಲ ದೊಡ್ಡ ದೊಡ್ಡ ತುಂಡು ಮಾಡಿ, ಮುಚ್ಚಳ ಬಿಗಿದು, ಅದರದೇ ನೀರಿನಲ್ಲಿ ಬೇಯಿಸಿ, ಟೊಮೆಟೊ, ಈರುಳ್ಳಿ, ಮೆಣಸು ಅರೆದು ಹಾಕಿದಳು. "ನೋಡೋಕೆ ಮಾಂಸ, ಆದ್ರೆ ಮಾಂಸದ ಪ್ರೋಟೀನಿನಲ್ಲಿ ಹತ್ತರಲ್ಲಿ ಒಂದು ಪಾಲು ಇದ್ರೆ ಹೆಚ್ಚು. ಜೊತೆಗೆ ಕಾಳು ಹಾಕಿ," ಎಂದು ಮೇಡಂ ಹೇಳಿದ್ದಕ್ಕೆ ಬೆಂದ ಕಾಳನ್ನೂ ಸೇರಿಸಿದಳು. ಅವಳ ಜೊತೆಯ ಅಡುಗೆಯವನು, ಎಡಗೈಯಲ್ಲೇ ತರಕಾರಿ ಹೆಚ್ಚುವುದರಿಂದ ಎಡಗೈ ಅಣ್ಣ ಎಂದೇ ಹೆಸರಾದವನು, ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, "ಮೂಳೆ ಒಂದು ಕಡಿಮೆ ನೋಡಕ್ಕ," ಎಂದಿದ್ದ. ಅಕ್ಕ ಅಂದು ನೆಲದ ಮೇಲೆ ನಡೆದವಳಲ್ಲ.

ಇವತ್ತು ಮೊದಲ ದಿನ. ಮತ್ತು ಇವತ್ತೇ ತಮ್ಮ ಬಂದಿದ್ದ. ಅವನು ದರ್ಜಿ. ಅಡುಗೆಮನೆಯವರ ಹೊಸ ಏಪ್ರನ್ನುಗಳನ್ನು ಹೊಲಿದು ಮುಗಿಸಿ ಗಂಟು ಹೊತ್ತು ತಂದವನು, ಮೂಗರಳಿಸಿ ನಿಂತಿದ್ದ. "ಅಕ್ಕಾ, ಏನಿದು ವಾಸನೆ? ಪ್ರಾಣ ಹೋಗ್ತಿದೆ ಕಣೇ." ಅವನಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು. ಹದಿನಾಲ್ಕರ ಅಕ್ಕ ಸೊಂಟದ ಮೇಲೆ ಹೊತ್ತು ಸಾಕಿದ ಕೂಸು. ಎರಡು ವರ್ಷದಿಂದ ಉಪ್ಪಿಲ್ಲದ್ದು, ಖಾರವಿಲ್ಲದ್ದು ತಿಂದು ಅವನ ಮುಖ ಬಾಡಿ ಹೋಗಿತ್ತು. ಪಟ್ಟಿಯಲ್ಲಿ ಹಲಸಿಲ್ಲ, ಮಾಂಸವಂತೂ ಅಲ್ಲವೇ ಅಲ್ಲ, ತರಕಾರಿ ತಾನೇ ಎಂದು ಅವಳು ಎರಡನೇ ಸಲ ಯೋಚಿಸಿರಲಿಲ್ಲ.

ಈಗ ಯೋಚಿಸಿದಳು. ಅವನ ಡಯಾಲಿಸಿಸ್ ಮಂಗಳವಾರ, ಗುರುವಾರ, ಶನಿವಾರ. ಇವತ್ತು ಸೋಮವಾರ. ಶನಿವಾರದ ಮೇಲೆ ರಕ್ತ ಶುದ್ಧಿಯಾಗಿಲ್ಲ. ವಾರದಲ್ಲಿ ಎಲ್ಲಕ್ಕಿಂತ ಕೆಟ್ಟ ದಿನ ಇದೇ.

ಉಗ್ರಾಣದ ಮೂಲೆಗೆ ಹೋಗಿ ಫೋನು ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದಳು. ಮೆಷಿನ್ನಿನ ಸದ್ದಿನಲ್ಲಿ ಅವನಿಗೆ ಕೇಳುವುದಿಲ್ಲ, ಫೋನು ಗುಂಡಿಗಳ ಡಬ್ಬದ ಕೆಳಗೆ ಎಲ್ಲೋ ಬಿದ್ದಿರುತ್ತದೆ. ತಮ್ಮನ ಹೆಂಡತಿಗೆ ಮಾಡಿದಳು. ಅವಳು ಒಂದು ಶಾಲೆಯಲ್ಲಿ ಆಯಾ.

"ಹೇಳಿ ಅತ್ತಿಗೆ."

"ಅವನು ಎಲ್ಲಿದ್ದಾನಮ್ಮಾ?"

"ಅಂಗಡೀಲೇ ಇರ್ಬೇಕು. ಒಂದು ಗಂಟೆಗೆ ಊಟ ಮಾಡ್ತಾರಲ್ಲ. ಯಾಕೆ ಅತ್ತಿಗೆ?"

"ಏನಿಲ್ಲ. ಏಪ್ರನ್ ಅಳತೆ ಕೇಳೋಣ ಅಂತ," ಎಂದು ಅಕ್ಕ ಫೋನಿಟ್ಟಳು. ಹತ್ತು ನಿಮಿಷದೊಳಗೆ ಎರಡನೇ ಸುಳ್ಳು.

ಹೊರಗೆ ವಾರ್ಡುಗಳಿಗೆ ಹೋಗುವ ಗಾಡಿಗಳು ಸಾಲಾಗಿ ನಿಂತಿದ್ದವು. ಈ ಹೊತ್ತಿನಲ್ಲಿ ಮುಖ್ಯ ಅಡುಗೆಯವಳು ಜಾಗ ಬಿಟ್ಟು ಕದಲುವಂತಿರಲಿಲ್ಲ. ಅಕ್ಕ ಏಪ್ರನ್ ಬಿಚ್ಚಿ ಎಡಗೈ ಅಣ್ಣನ ಕೈಗಿತ್ತಳು.

"ಇವತ್ತು ನೀನೇ ನೋಡ್ಕೋ."

"ಅಕ್ಕಾ, ತಮಾಷೆ ಮಾಡ್ತೀಯಾ? ಗಾಡಿ ಹೊರಡೋ ಹೊತ್ತು!"

"ಮನೇಲಿ ಒಂದು ಜೀವ ಹೋಗೋ ಹಾಗಿದೆ ಕಣಣ್ಣ," ಎಂದವಳು ಹಿಂದಿನ ಬಾಗಿಲಿಂದ ಹೊರಬಿದ್ದಳು.

ದರ್ಜಿಯ ಅಂಗಡಿ ರೈಲು ಹಳಿಗಳ ಆಚೆ. ಬಸ್ಸು ಹತ್ತಿದರೆ ಗೇಟು ಬಿದ್ದಿತ್ತು. ಮುಂದೆ ಲಾರಿಗಳ ಸಾಲು, ಒಂದಿಂಚೂ ಅಲ್ಲಾಡಲಿಲ್ಲ. ಎರಡು ನಿಮಿಷ ಕಾದ ಅಕ್ಕ ಇಳಿದು ಕಾಲ್ಸೇತುವೆ ಹತ್ತಿದಳು. ಐವತ್ತೆರಡರ ವಯಸ್ಸು, ದಪ್ಪ ದೇಹ, ಹಗಲೆಲ್ಲ ಒಲೆಯ ಮುಂದೆ ನಿಂತು ಊದಿದ ಕಾಲು. ಮೆಟ್ಟಿಲು ಹತ್ತುವಾಗ ಎದೆ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಹೃದಯ ನಿಂತೇ ಹೋಗಬಹುದು ಎಂಬ ಮೇಡಂ ಮಾತೂ ಅದರ ಜೊತೆಗೇ ಕುಟ್ಟುತ್ತಿತ್ತು. ಕೆಳಗೆ ರೈಲು ಸಿಳ್ಳೆ ಹಾಕಿ ಹಾದುಹೋಯಿತು.

ಅಂಗಡಿಯ ಶಟರು ಅರ್ಧಕ್ಕೆ ಎಳೆದಿತ್ತು. ಪಕ್ಕದಲ್ಲಿ ಬೀಗ ರಿಪೇರಿ ಮಾಡುವವನು ಬೀಗದ ಕೈಯೊಂದಕ್ಕೆ ಅರ ಉಜ್ಜುತ್ತಿದ್ದ.

"ತಮ್ಮನ್ನ ಹುಡುಕ್ತಿದ್ದೀರಾ ಅಕ್ಕ? ಊಟಕ್ಕೆ ಅಂತ ಮನೆಗೆ ಹೋದ. ಹನ್ನೊಂದಕ್ಕೇ ಒಂದು ಡಬ್ಬಿ ಖಾಲಿ ಮಾಡ್ದ ಮಾರಾಯ. ನನಗೆ ಒಂದು ಚೂರೂ ಕೊಡ್ಲಿಲ್ಲ! ಇನ್ನೊಂದು ಮನೇಲಿ ಕೂತು ಸಮಾಧಾನವಾಗಿ ತಿಂತೀನಿ ಅಂತ ಹೋದ."

ಅಕ್ಕ ಉತ್ತರ ಕೊಡದೆ ಓಡಿದಳು. ಬೀಗದವನಿಗೆ ಏನನ್ನಿಸಿತೋ, ಅರ ಕೆಳಗಿಟ್ಟು ಹಿಂದೆಯೇ ಬಂದ.

ಮನೆ ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದೇ ಇತ್ತು. ತಮ್ಮ ಊಟದ ಮೇಜಿನ ಮುಂದೆ ಕೂತು ಬ್ರೆಡ್ಡಿನ ಚೂರಿನಿಂದ ಎರಡನೇ ಡಬ್ಬಿಯ ತಳ ಒರೆಸುತ್ತಿದ್ದ. ಬೇಯಿಸಿದ ಹಲಸಿನ ಬೀಜ ಒಂದೂ ಉಳಿದಿರಲಿಲ್ಲ.

"ಬಾ ಅಕ್ಕ, ಬಾ," ಎಂದ ನಗುತ್ತಾ. "ಎರಡು ವರ್ಷ ಆದ್ಮೇಲೆ ಊಟ ಅಂತ ಮಾಡಿದ್ದು ಇವತ್ತೇ ಕಣೇ. ಮಿಕ್ಕಿದ್ದೆಲ್ಲಾ ಹೊಟ್ಟೆಗೆ ಮೋಸ."

"ಏಳು. ಆಸ್ಪತ್ರೆಗೆ ಹೋಗ್ಬೇಕು."

"ಇವತ್ತಾ? ನಾಳೆ ತಾನೇ?"

"ನೀನು ಅದನ್ನ ತಿನ್ನಬಾರದಿತ್ತು. ನಾನು ಕೊಡಬಾರದಿತ್ತು. ಅದರಲ್ಲಿ ಪೊಟ್ಯಾಸಿಯಂ ಇದೆಯಂತೆ."

ತಮ್ಮ ಕೈ ಒರೆಸಿಕೊಂಡ. "ತರಕಾರಿ ತಿಂದು ಯಾರಾದ್ರೂ ಸತ್ತಿದ್ದು ಕೇಳಿದ್ದೀಯಾ? ಗುಂಡುಕಲ್ಲಿನ ಹಾಗಿದ್ದೀನಿ. ಬರೋ ಬುಧವಾರ ಮೂವತ್ತು ಕೋಟು ಕೊಡ್ಬೇಕು, ಸುಮ್ನೆ ದಿನ ಹಾಳು ಮಾಡ್ಬೇಡ."

"ಕಾಲು ಹೇಗಿದೆ?"

"ಸ್ವಲ್ಪ ಭಾರ. ಪೆಡಲು ತುಳಿದೂ ತುಳಿದೂ. ತುಟಿ ಒಂಥರಾ ಜುಮ್ ಅಂತಿದೆ, ನೀನು ಹಾಕಿದ ಮೆಣಸು ಹಾಗಿದೆ."

ಅಕ್ಕ ಅವನ ಮುಖವನ್ನೇ ನೋಡಿದಳು. ಹಣೆಯ ಮೇಲೆ ತಣ್ಣನೆಯ ಬೆವರು. "ಶನಿವಾರ ಎಷ್ಟು ಹೊತ್ತು ಮಾಡಿದ್ರು ಡಯಾಲಿಸಿಸ್?"

ತಮ್ಮ ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಟ್ಟುಗೂಡಿಸತೊಡಗಿದ.

"ನಿನ್ನನ್ನೇ ಕೇಳ್ತಿರೋದು."

"ಹೋಗ್ಲಿಲ್ಲ," ಎಂದ ಕೊನೆಗೆ. "ಕೋಟಿನ ಕೆಲ್ಸ ಇತ್ತು ಅಕ್ಕ. ಒಂದು ಸಲ ತಪ್ಪಿದ್ರೆ ಏನಾಗುತ್ತೆ ಅಂತ... ಅವಳಿಗೆ ಹೇಳ್ಬೇಡ. ಹೋಗಿ ಬಂದೆ ಅಂತಲೇ ಹೇಳಿದ್ದೀನಿ."

ಶನಿವಾರವೂ ಇಲ್ಲ. ಗುರುವಾರದಿಂದ ಅವನ ರಕ್ತ ಹಾಗೇ ಇತ್ತು.

ಅಕ್ಕ ಫೋನು ಕೈಗೆ ತೆಗೆದುಕೊಂಡಳು. ಮೇಡಂಗೆ ಹೇಳಿದರೆ ಇಪ್ಪತ್ತೆರಡು ವರ್ಷದ ಮರ್ಯಾದೆ ಮಣ್ಣುಪಾಲು. ತಾನು ಕೊಟ್ಟದ್ದು ಎನ್ನದೆ, ಏನೋ ತಿಂದನಂತೆ ಎಂದು ಆಸ್ಪತ್ರೆಯ ಬಾಗಿಲಿಗೆ ಬಿಟ್ಟರೆ? ಈ ಯೋಚನೆ ಒಂದು ಕ್ಷಣ ಬಂದದ್ದು ನಿಜ. ಆದರೆ ಏನು ತಿಂದ, ಎಷ್ಟು ತಿಂದ ಎಂದು ಡಾಕ್ಟರು ಹುಡುಕುತ್ತಾ ಕೂತರೆ ಆ ಹೊತ್ತನ್ನು ಯಾರು ಕೊಡುತ್ತಾರೆ? ಫೋನು ಕಿವಿಗಿಟ್ಟಳು.

"ಮೇಡಂ, ನಾನು ನಿಮ್ಮ ಹತ್ರ ಪೂರ್ತಿ ನಿಜ ಹೇಳ್ಲಿಲ್ಲ. ವಾರ್ಡಿಗೆ ಹೋಗಿಲ್ಲ. ನನ್ ತಮ್ಮನಿಗೆ ಡಬ್ಬಿ ಕಟ್ಟಿ ಕೊಟ್ಟಿದ್ದೆ. ಪೂರ್ತಿ ತಿಂದಿದ್ದಾನೆ. ಶನಿವಾರ ಡಯಾಲಿಸಿಸ್ಸೂ ಮಾಡಿಸ್ಕೊಂಡಿಲ್ಲ."

ಆ ಕಡೆಯಿಂದ ಮೇಡಂ ಧ್ವನಿ ಕತ್ತರಿಯಂತೆ ಬಂತು. "ಎಷ್ಟು?"

"ಒಂದು ಕೇಜಿಗೆ ಸ್ವಲ್ಪ ಕಡಿಮೆ. ಬೀಜ, ಕಾಳು, ಟೊಮೆಟೊ ಎಲ್ಲಾ ಸೇರಿ."

"ಬೇಯಿಸಿದ ನೀರು ಬಸಿದಿದ್ರಾ? ಬಸಿದ್ರೆ ಒಂದಿಷ್ಟಾದ್ರೂ ಹೋಗಿರುತ್ತೆ."

"ಇಲ್ಲ ಮೇಡಂ. ಅದರ ನೀರಲ್ಲೇ ಬೇಯಿಸಿದ್ದು."

"ಸರಿ. ಆಂಬುಲೆನ್ಸ್ ಕಳಿಸ್ತೀನಿ. ವಿಳಾಸ ಹೇಳಿ. ಅವರನ್ನ ನಡೆಸ್ಬೇಡಿ. ಅರ್ಥ ಆಯ್ತಾ? ಒಂದು ಮೆಟ್ಟಿಲೂ ಅವರ ಕಾಲಲ್ಲಿ ಇಳಿಸ್ಬೇಡಿ, ಎತ್ಕೊಂಡೇ ಬನ್ನಿ."

ಆದರೆ ತಮ್ಮ ಆಗಲೇ ಎದ್ದಿದ್ದ. "ಅಷ್ಟೆಲ್ಲಾ ಯಾಕೆ, ನಾನೇ ಇಳಿದು ಬರ್ತೀನಿ," ಎಂದು ಬಾಗಿಲವರೆಗೆ ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಮೊಣಕಾಲು ಬಟ್ಟೆಯ ಹಾಗೆ ಮಡಚಿಕೊಂಡಿತು. ಬೀಗದವನು ಹಿಡಿಯದಿದ್ದರೆ ತಲೆ ಹೊಸ್ತಿಲಿಗೆ ಬಡಿಯುತ್ತಿತ್ತು.

"ಅಕ್ಕ, ಕಾಲೇ ಇಲ್ಲದ ಹಾಗಿದೆ," ಎಂದ ತಮ್ಮ. ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

ಬೀಗದವನು ಒಂದು ಕಡೆ, ಎದುರುಮನೆಯಾತ ಒಂದು ಕಡೆ ಹಿಡಿದು ಅವನನ್ನು ಕುರ್ಚಿಯ ಸಮೇತ ಮೂರು ಮಹಡಿ ಇಳಿಸಿದರು. ಪ್ರತಿ ತಿರುವಿನಲ್ಲೂ ಕುರ್ಚಿಯ ಕಾಲು ಗೋಡೆಗೆ ಸಿಕ್ಕಿಕೊಳ್ಳುತ್ತಿತ್ತು. ಅಕ್ಕ ಮುಂದೆ ಹಿಮ್ಮುಖವಾಗಿ ಇಳಿಯುತ್ತ, ಅವನ ಕಣ್ಣು ತೆರೆದಿರಲಿ ಎಂದು ಏನೇನೋ ಕೇಳುತ್ತಿದ್ದಳು. ಕೋಟಿನ ಬಣ್ಣ ಯಾವುದು, ಗುಂಡಿ ಎಷ್ಟು, ಅಸ್ತರು ಯಾವುದು. ಕೊನೆಯ ಮಹಡಿಯಲ್ಲಿ ಅವನ ಉತ್ತರಗಳು ತೊದಲಿದವು. ಕೆಳಗೆ ಆಂಬುಲೆನ್ಸಿನ ಸದ್ದು ಕೇಳಿಸಿತು.

ತುರ್ತು ಕೊಠಡಿಯಲ್ಲಿ ಎಲ್ಲರೂ ಸಿದ್ಧರಾಗಿ ನಿಂತಿದ್ದರು. ಎದೆಗೆ ತಂತಿಗಳನ್ನು ಅಂಟಿಸಿದ ಕೂಡಲೇ ಯಂತ್ರದಿಂದ ಕಾಗದ ಹೊರಬಂತು. ಡ್ಯೂಟಿ ಡಾಕ್ಟರು ಅದನ್ನು ನೋಡಿ, "ಗೆರೆಯ ಅಲೆಗಳು ಡೇರೆ ಹೊಡೆದ ಹಾಗೆ ಚೂಪಾಗಿವೆ. ರಕ್ತದ ರಿಪೋರ್ಟಿಗೆ ಕಾಯೋದು ಬೇಡ, ಹೃದಯ ನಿಲ್ಲದ ಹಾಗೆ ಮೊದಲು ಕ್ಯಾಲ್ಸಿಯಂ ಕೊಡಿ," ಎಂದರು. ಪರದೆಯ ಮೇಲೆ ನಾಡಿಯ ಸಂಖ್ಯೆ ನಲವತ್ತೆರಡಿತ್ತು. ಅಕ್ಕ ನೋಡುತ್ತಿದ್ದಂತೆಯೇ ಮೂವತ್ತೆಂಟಾಯಿತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಇಷ್ಟು ಉದ್ದದ ದಾರಿ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಸಿಸ್ಟರು ನಿಧಾನವಾಗಿ ಔಷಧಿ ಒಳಗೆ ಬಿಟ್ಟರು. ಇನ್ಸುಲಿನ್, ಗ್ಲೂಕೋಸ್ ಎಂದು ಯಾರೋ ಕೂಗಿದರು. ಪಥ್ಯದ ಮೇಡಂ ಡಬ್ಬಿಯಲ್ಲಿ ಏನೇನಿತ್ತೆಂದು ಡಾಕ್ಟರಿಗೆ ಒಂದೊಂದಾಗಿ ಹೇಳುತ್ತಿದ್ದರು. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಮೂವತ್ತೆಂಟು. ಮೂವತ್ತೇಳು. ಅಕ್ಕ ಗೋಡೆಗೆ ಅಂಗೈ ಊರಿ ನಿಂತಳು. ಮೂವತ್ತೇಳು. ಮತ್ತೆ ಮೂವತ್ತೇಳು. ಅಷ್ಟರಲ್ಲಿ ನಲವತ್ತೊಂದು. ಆಮೇಲೆ ನಲವತ್ತೊಂಬತ್ತು.

"ಮೆಷಿನ್ ಖಾಲಿ ಇದೆಯಾ ಕೇಳಿ. ಈಗಲೇ ಹಾಕೋಣ," ಎಂದರು ಡಾಕ್ಟರು. ಹಾಸಿಗೆಯನ್ನು ತಳ್ಳಿಕೊಂಡು ಡಯಾಲಿಸಿಸ್ ವಾರ್ಡಿಗೆ ಓಡಿದರು. ರಕ್ತದ ರಿಪೋರ್ಟು ಬಂದದ್ದು ಆಮೇಲೆ. ಐದರ ಒಳಗಿರಬೇಕಾದ ಪೊಟ್ಯಾಸಿಯಂ ಏಳೂವರೆ ದಾಟಿತ್ತು.

ನಾಲ್ಕೂವರೆಗೆ ತಮ್ಮನ ಹೆಂಡತಿ ಶಾಲೆಯ ಸಮವಸ್ತ್ರದಲ್ಲೇ ಬಂದಳು. ಅಕ್ಕ ಕಾರಿಡಾರಿನ ಬೆಂಚಿನಿಂದ ಎದ್ದು, ಅವಳು ಕೇಳುವ ಮೊದಲೇ ಎಲ್ಲವನ್ನೂ ಹೇಳಿದಳು. ಡಬ್ಬಿ, ಏಪ್ರನ್ ಅಳತೆಯ ಸುಳ್ಳು, ಎಲ್ಲ. ಶನಿವಾರದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವಳು ನಿಂತಲ್ಲೇ ನಿಂತು ಕೇಳಿದಳು.

"ನೀವು ಕೊಟ್ಟಿದ್ದು ಅಂತ ತಿಂದ್ರು ಅತ್ತಿಗೆ," ಎಂದಳು. ದನಿ ಎತ್ತರಿಸಲಿಲ್ಲ. "ನಾನು ಒಂದೊಂದು ಚಮಚ ಅಳೆದು ಹಾಕಿದ್ರೆ ಮುಖ ತಿರುಗಿಸ್ತಾರೆ. ಎರಡು ವರ್ಷ ನಾನು ಕೆಟ್ಟವಳಾಗಿ ಅವರನ್ನ ಉಳಿಸ್ಕೊಂಡು ಬಂದಿದ್ದೀನಿ. ನೀವು ಒಂದೇ ದಿನ ಒಳ್ಳೆಯವರಾದ್ರಿ."

ತಮ್ಮನ ಹೆಂಡತಿ ಒಳಗೆ ಹೋಗಿ ಗಂಡನ ಪಕ್ಕ ಕೂತಳು. ಗಾಜಿನಾಚೆ, ಅವನು ಏನೋ ಹೇಳಲು ಬಾಯಿ ತೆರೆದದ್ದೂ, ಅವಳು ಕೈಯೆತ್ತಿ ತಡೆದದ್ದೂ ಅಕ್ಕನಿಗೆ ಕಾಣಿಸಿತು.

ಮರುದಿನ ಅಕ್ಕ ಯಾರೂ ಕೇಳದಿದ್ದರೂ ನಡೆದದ್ದನ್ನೆಲ್ಲ ತನ್ನ ಕೈಯಲ್ಲೇ ಬರೆದು ಸೂಪರಿಂಟೆಂಡೆಂಟರಿಗೆ ಕೊಟ್ಟಳು. ಅವರು ಎರಡು ಸಲ ಓದಿದರು. ಒಂದು ತಿಂಗಳು ಅಡುಗೆಮನೆಗೆ ಕಾಲಿಡುವಂತಿಲ್ಲ, ಹೊದಿಕೆಗಳ ಉಗ್ರಾಣದಲ್ಲಿ ಕೆಲಸ ಎಂದರು. ಹಲಸನ್ನೂ ನಿಲ್ಲಿಸಿಬಿಡೋಣ ಎಂದಾಗ ಪಥ್ಯದ ಮೇಡಂ ಅಡ್ಡ ಬಂದರು.

"ಹಲಸಿನ ತಪ್ಪೇನಿದೆ ಸರ್? ಹೃದಯದ ವಾರ್ಡಿನಲ್ಲಿ ಮೊದಲನೇ ಸಲ ತಟ್ಟೆಗಳು ಖಾಲಿಯಾಗಿ ಬಂದಿವೆ. ಪಟ್ಟಿಯಲ್ಲಿ ಬರೀದೇ ಇದ್ದದ್ದು ನನ್ನ ತಪ್ಪು. ಅದನ್ನೂ ಬರ್ಕೊಳ್ಳಿ." ಹೊರಗೆ ಬಂದ ಮೇಲೆ ಅಕ್ಕನಿಗೆ, "ನೀವು ಏನಿಲ್ಲ ಅಂದಾಗ ನಾನು ನಂಬಿ ಹೋದೆ ಅಕ್ಕ. ಅದು ಇನ್ನೂ ಚುಚ್ತಿದೆ," ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ತಮ್ಮನ ಹೆಂಡತಿ ಹನ್ನೊಂದು ದಿನ ಮಾತು ಬಿಟ್ಟಿದ್ದಳು. ಹನ್ನೆರಡನೇ ದಿನ ಫೋನು ಮಾಡಿ, ನೀರು ಬಸಿದ ತರಕಾರಿಗೆ ಉಪ್ಪು ಹಾಕದೆ ರುಚಿ ತರುವುದು ಹೇಗೆ ಎಂದು ಕೇಳಿದಳು. ಕ್ಷಮಿಸಿದೆ ಎನ್ನಲಿಲ್ಲ. ಅಕ್ಕ ಒಣ ಕೊತ್ತಂಬರಿ ಹುರಿಯುವ ಹದವನ್ನು ಹೇಳಿದಳು, ಅವಳು ಬರೆದುಕೊಂಡಳು.

ತಿಂಗಳು ತುಂಬಿ ಅಡುಗೆಮನೆಗೆ ಮರಳಿದ ವಾರವೇ ಮೇಡಂ ಅಕ್ಕನನ್ನು ಡಯಾಲಿಸಿಸ್ ವಾರ್ಡಿಗೆ ಕರೆದೊಯ್ದರು. "ನಾನು ಹೇಳಿದ್ರೆ ಪಾಠ ಅಂತಾರೆ. ನೀವು ಹೇಳಿ," ಎಂದರು. ಎಂಟು ಹಾಸಿಗೆ, ಎಂಟು ಮೆಷಿನ್ನು. ನಾಲ್ಕನೆಯದರಲ್ಲಿ ತಮ್ಮ. ಅವನ ಮುಂದೆಯೇ ಅಕ್ಕ ನಡೆದದ್ದನ್ನು ಹೇಳಿದಳು. ಪ್ರೀತಿಯಿಂದ ಕೊಟ್ಟದ್ದು, ಕೇಳಿದಾಗ ಏನಿಲ್ಲ ಎಂದದ್ದು, ಮೂವತ್ತೇಳಕ್ಕೆ ಇಳಿದ ನಾಡಿ.

ಕಿಟಕಿ ಪಕ್ಕದ ನಿವೃತ್ತ ಬಸ್ ಡ್ರೈವರು ಕೊನೆಗೆ ರೇಗಿದರು. "ಅದು ಬೇಡ, ಇದು ಬೇಡ. ಹಾಗಾದ್ರೆ ನಾವೇನು ಗಾಳಿ ತಿಂದ್ಕೊಂಡಿರೋಣವಾ ತಾಯಿ?"

"ಬೇಕು ಅನ್ನಿಸಿದ್ದನ್ನೆಲ್ಲಾ ಹೇಳಿ," ಎಂದು ಅಕ್ಕ ಜೇಬಿನಿಂದ ಚೀಟಿ ತೆಗೆದಳು. "ಆಗೋದನ್ನ ಮಾಡಿ ಕೊಡ್ತೀನಿ. ಆಗದೇ ಇರೋದನ್ನ ಆಗಲ್ಲ ಅಂತ ಮುಖಕ್ಕೆ ಹೇಳ್ತೀನಿ. ಮೇಡಂನ ಕೇಳಿಯೇ ಹೇಳ್ತೀನಿ."

"ಮೊಟ್ಟೆ, ಕರಿಮೆಣಸು ಹಾಕಿ ಹುರಿದದ್ದು," ಎಂದರು ಡ್ರೈವರು ತಡಮಾಡದೆ.

ಅಕ್ಕ ಮೇಡಂ ಕಡೆ ತಿರುಗಿದಳು. "ಬಿಳಿ ಭಾಗ ಧಾರಾಳವಾಗಿ. ಇವರಿಗೆ ಪ್ರೋಟೀನು ನಮಗಿಂತ ಜಾಸ್ತಿನೇ ಬೇಕು," ಎಂದರು ಮೇಡಂ.

"ನನಗೂ," ಎಂದ ನಾಲ್ಕನೇ ಹಾಸಿಗೆಯಿಂದ ತಮ್ಮ.

"ನಿನಗೆ ನಿನ್ ಹೆಂಡತಿ ಹೇಳಿದ್ರೆ ಮಾತ್ರ," ಎಂದು ಅಕ್ಕ ಮುಂದಿನ ಹಾಸಿಗೆಗೆ ನಡೆದಳು.